ಹೊಸತೊಡಕಿಗೆ ನಾನು ತಂದ ಮೀನು

ಮೀನು ಹಿಡಿಯುವುದರಲ್ಲಿ ಕಷ್ಟವೇನೂ ಇಲ್ಲ ಎಂಬುದು ಒಂದು ಕಾಲದಲ್ಲಿ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಮೀನು ನೀರಿನಲ್ಲಿರುತ್ತದೆ, ನೀರು ಕಪಿಲೆಯಲ್ಲಿರುತ್ತದೆ, ಕಪಿಲೆ ನಂಜನಗೂಡಿನಲ್ಲಿದ್ದಾಳೆ, ನಾನೂ ನಂಜನಗೂಡಿನಲ್ಲೇ ಇದ್ದೇನೆ. ಇನ್ನು ಬೇಕಾದದ್ದು ಒಂದು ಗಾಳ ಮಾತ್ರ! ಈ ಅಭಿಪ್ರಾಯವನ್ನು ನನ್ನಷ್ಟಕ್ಕೆ ಇಟ್ಟುಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ನಾನು ಅದನ್ನು ಹೆಂಡತಿಯ ಅಣ್ಣನ ಮುಂದೆ ಹೇಳಿದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ತಾಂಡ್ಯದ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಹೆಂಡತಿ ಸುಜಾತಳ ತವರು ತಿ. ನರಸೀಪುರದ ಹತ್ತಿರ, ಹೊಳೆಯ ದಡದಲ್ಲೇ. ಯುಗಾದಿಯ ಮರುದಿನ ಹೊಸತೊಡಕು, ಅಂದರೆ ಬಾಡೂಟದ ಹಬ್ಬ. ಅದಕ್ಕೆ ಪ್ರತಿ ವರ್ಷ ನಾವೇ ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದೆವು. ಆ ವರ್ಷ ಮೊದಲ ಬಾರಿಗೆ ಅವಳ ತಾಯಿ, ಅಣ್ಣ ಮಹದೇವ ಮತ್ತು ಅತ್ತಿಗೆ ನಮ್ಮ ಮನೆಗೆ ಬರಲು ಒಪ್ಪಿದ್ದರು. ತವರಿನವರಿಗೆ ತನ್ನ ಮನೆಯಲ್ಲಿ, ತನ್ನ ಕೈಯಾರೆ ಮಾಡಿ ಬಡಿಸಬೇಕೆಂಬುದು ಸುಜಾತಳ ಬಹುದಿನದ ಆಸೆ. ಬೀದಿಯವರೆಲ್ಲ ಸೇರಿ ಕುರಿ ಕಡಿದು, ಮಾಂಸವನ್ನು ಸಮಸಮ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರಲ್ಲ, ಆ ಗುಡ್ಡೆಬಾಡಿಗೆ ಅವಳೇ ಹೋಗಿ ನಮ್ಮ ಹೆಸರು ಕೊಟ್ಟು ಬಂದಿದ್ದಳು.

ಹಬ್ಬಕ್ಕೆ ಒಂದು ವಾರ ಮೊದಲು ಯಾವುದೋ ಕೆಲಸದ ಮೇಲೆ ನಂಜನಗೂಡಿಗೆ ಬಂದ ಮಹದೇವ ಭಾವ ನಮ್ಮಲ್ಲೇ ಊಟಕ್ಕೆ ನಿಂತರು. ಮಾತು ಹೊಳೆಯ ಮೀನಿನ ಕಡೆಗೆ ತಿರುಗಿತು. ಆಗ ನಾನು ನನ್ನ ಅಭಿಪ್ರಾಯವನ್ನು ಮಂಡಿಸಿದೆ. ಭಾವ ನಕ್ಕರು.

"ನಂಜನಗೂಡ್ನೋರಿಗೆ ರಸಬಾಳೆ ಗೊತ್ತು ಭಾವ. ಬಾಳೆಮೀನು ನಿಮಗೆಲ್ಲಿ ಗೊತ್ತಾದದು?"

ಸುಮ್ಮನಿರಬಹುದಿತ್ತು. ಆದರೆ ಹೆಂಡತಿಯ ಅಣ್ಣ ನಕ್ಕಾಗ ಸುಮ್ಮನಿದ್ದ ಗಂಡಸನ್ನು ನಾನಂತೂ ಕಂಡಿಲ್ಲ. ಹೊಸತೊಡಕಿನ ದಿನ ನಿಮ್ಮ ಎಲೆಗೆ ನಾನೇ ಹಿಡಿದ ಬಾಳೆಮೀನು ಬೀಳುತ್ತದೆ ಎಂದು ಘೋಷಿಸಿಬಿಟ್ಟೆ. ಅಷ್ಟಕ್ಕೇ ನಿಲ್ಲಲಿಲ್ಲ. ಸಂಜೆ ಹೋಗಿ ಗುಡ್ಡೆಬಾಡಿನಿಂದ ನಮ್ಮ ಹೆಸರನ್ನೂ ತೆಗೆಸಿ ಬಂದೆ! ಸುಜಾತ ಹಣೆ ಚಚ್ಚಿಕೊಂಡಳು. ಗುಡ್ಡೆಯೂ ಇರಲಿ, ಮೀನು ಬಂದರೆ ಅದನ್ನೂ ಮಾಡುತ್ತೇನೆ ಎಂದು ಎಷ್ಟೋ ಹೇಳಿದಳು. ಹಾಗೆ ಮಾಡುವುದು ಬೇಟೆಗಾರನ ಮೇಲೆ ಅವಿಶ್ವಾಸ ಗೊತ್ತುವಳಿ ತಂದಂತೆ ಎಂದು ನಾನು ವಿವರಿಸಿದೆ. ಆ ಬೇಟೆಗಾರ ಅಲ್ಲಿಯವರೆಗೆ ಒಂದು ಸೀಗಡಿಯನ್ನೂ ಹಿಡಿದಿರಲಿಲ್ಲ.

ತಾಂತ್ರಿಕ ಸಲಹೆಗಾರನಾಗಿ ಸಿಕ್ಕವನು ನಮ್ಮ ವಿಭಾಗದ ಪುಟ್ಟಸ್ವಾಮಿ. ಅವನ ಚಿಕ್ಕಪ್ಪನದೊಂದು ತೆಪ್ಪ ಊರ ಕೆಳಗಿನ ಹೊಳೆಯಲ್ಲಿತ್ತು. ತೆಪ್ಪವೆಂದರೆ ಬಿದಿರಿನಲ್ಲಿ ಹೆಣೆದು ತಳಕ್ಕೆ ಟಾರು ಬಳಿದ ದೊಡ್ಡ ಬುಟ್ಟಿ. ಎರೆಹುಳ ಸಾಕೇ ಎಂದು ಕೇಳಿದ್ದಕ್ಕೆ ಪುಟ್ಟಸ್ವಾಮಿ ಕನಿಕರದಿಂದ ನನ್ನನ್ನು ನೋಡಿದ. "ಎರೆಹುಳುಕ್ಕೆಲ್ಲ ಬಾಳೆಮೀನು ಬರಾಕಿಲ್ಲ ಕಣಣ್ಣ. ಬದ್ಕಿರೋ ಮರಿಮೀನ ಸಿಗಾಕಬೇಕು. ಅದು ಒದ್ದಾಡ್ತಾ ಇದ್ರೇನೇ ಇದು ಬಾಯಾಕದು."

ಯುಗಾದಿಯ ದಿನ ಇಬ್ಬರೂ ನಾಲೆಗಿಳಿದು, ಟವೆಲ್ಲಿನ ಎರಡು ತುದಿ ಹಿಡಿದು ಬಾಚಿ, ಬೆರಳುದ್ದದ ಐದು ಮರಿಮೀನು ಹಿಡಿದೆವು. ಅವನ್ನು ಮುಚ್ಚಳಕ್ಕೆ ತೂತು ಹೊಡೆದ ಪೇಂಟಿನ ಡಬ್ಬದಲ್ಲಿ ನೀರಿನ ಸಮೇತ ತಂದು ಬಚ್ಚಲಿನ ಪಕ್ಕ ಇಟ್ಟೆ. ಅಷ್ಟರಲ್ಲಿ ಅತ್ತೆಯವರು ಬಂದಿಳಿದಿದ್ದರು. ಒಬ್ಬಟ್ಟಿನ ಹಬ್ಬದ ದಿನ ಮನೆಯೊಳಗೆ ಮೀನೇ ಎಂದು ಅವರಿಗೆ ಗಾಬರಿಯಾಯಿತು. ಇವು ಊಟದ ಮೀನಲ್ಲ ಅತ್ತೆ, ಕೆಲಸದ ಮೀನು ಎಂದು ಸಮಾಧಾನ ಹೇಳಿದೆ.

ನಮ್ಮ ಕಡೆ ಒಂದು ನಂಬಿಕೆಯಿದೆ. ಹೊಸತೊಡಕಿನ ದಿನ ಏನು ನಡೆಯುತ್ತದೋ ವರ್ಷವಿಡೀ ಅದೇ ನಡೆಯುತ್ತದಂತೆ. ಹಾಗಾಗಿ ಆವತ್ತು ಯಾರೂ ಯಾರನ್ನೂ ಬೈಯುವಂತಿಲ್ಲ. ಬಾಡು ಮಾತ್ರ ಎಲ್ಲರ ಬಾಯಿಗೂ ಬೀಳಲೇಬೇಕು, ಇಲ್ಲದಿದ್ದರೆ ವರ್ಷವೆಲ್ಲ ಬೀಳುವುದಿಲ್ಲ. ಇಡೀ ಮನೆಯ ಒಂದು ವರ್ಷದ ಬಾಡೂಟವನ್ನು ಹೆಗಲ ಮೇಲೆ ಹೊತ್ತು ನಾನು ಬೆಳಗ್ಗೆಯೇ ಹೊರಟೆ. ನಿಜವಾದ ಬೆಸ್ತನಂತೆ ಕಾಣಲೆಂದು ಪ್ಯಾಂಟು ಬಿಟ್ಟು ಪಂಚೆ ಉಟ್ಟಿದ್ದೆ.

ತೆಪ್ಪದ ಸ್ವಭಾವ ಹತ್ತಿದ ಮೇಲೇ ತಿಳಿಯುವುದು. ಒಂದು ಕಡೆ ಹುಟ್ಟು ಹಾಕಿದರೆ ಅದು ಬಲಕ್ಕೆ ಸುತ್ತುತ್ತದೆ, ಇನ್ನೊಂದು ಕಡೆ ಹಾಕಿದರೆ ಎಡಕ್ಕೆ ಸುತ್ತುತ್ತದೆ. ಮುಂದಕ್ಕೆ ಹೋಗುವ ವಿಚಾರ ಅದಕ್ಕೆ ಇರಲೇ ಇಲ್ಲ! ಹತ್ತಾರು ಸುತ್ತು ಸುತ್ತಿ ತಲೆ ತಿರುಗತೊಡಗಿದಾಗ, ನಿನಗೆ ಇದು ನಡೆಸಲು ಬರುತ್ತದಲ್ಲವೇ ಎಂದು ಪುಟ್ಟಸ್ವಾಮಿಯನ್ನು ಕೇಳಿದೆ. ಚಿಕ್ಕಪ್ಪ ನಡೆಸುವುದನ್ನು ದಡದಲ್ಲಿ ನಿಂತು ಬೇಕಾದಷ್ಟು ನೋಡಿದ್ದೇನೆ ಎಂದು ಅವನು ಭರವಸೆ ಕೊಟ್ಟ. ಕೊನೆಗೆ ತೆಪ್ಪ ತನಗೆ ಇಷ್ಟ ಬಂದಲ್ಲಿ ನಿಂತಿತು. ಮೀನು ಇರುವ ಜಾಗ ಇದೇ ಎಂದು ನಾವು ತೀರ್ಮಾನಿಸಿದೆವು.

ಮೊದಲನೇ ಮರಿಮೀನು ಕೈಯಿಂದ ಜಾರಿ ಹೊಳೆ ಸೇರಿ ಬಂಧಮುಕ್ತವಾಯಿತು. ಎರಡನೆಯದರ ಬೆನ್ನಿಗೆ ಚುಚ್ಚಿದ ಗಾಳ ನನ್ನ ಹೆಬ್ಬೆರಳಿಗೂ ಚುಚ್ಚಿಕೊಂಡಿತು. ಸ್ವಲ್ಪ ಹೊತ್ತು ನಾನೂ ಮೀನೂ ಒಂದೇ ಗಾಳದಲ್ಲಿ ಒದ್ದಾಡಿದೆವು. ಹೇಗೋ ಬಿಡಿಸಿಕೊಂಡು, ಅದನ್ನು ನೀರಿಗೆ ಬಿಟ್ಟು, ಬೆರಳು ಚೀಪುತ್ತ ಕೂತೆ. ಬಿಸಿಲೇರಿತು. ದಡದಲ್ಲಿ ಎಮ್ಮೆ ಮೀಯಿಸಲು ಬಂದ ಅಜ್ಜನೊಬ್ಬ ಬೀಡಿ ಹಚ್ಚಿಕೊಂಡು ನಮ್ಮನ್ನೇ ನೋಡುತ್ತ ಕುಕ್ಕರಗಾಲಲ್ಲಿ ಕೂತ.

ಆಗ ದಾರ ಬಿಗಿಯಿತು! ಸಣ್ಣ ಎಳೆತವಲ್ಲ, ಭಾರವಾದ, ಗಂಭೀರವಾದ ಎಳೆತ. ಬಾಳೆಮೀನೇ, ಅದೂ ಕರುವಿನಷ್ಟು ದೊಡ್ಡದು! ಭಾವನ ಮುಖ ನನ್ನ ಕಣ್ಣ ಮುಂದೆ ಬಂದು ಹೋಯಿತು. ನಾನು ಎದ್ದು ನಿಂತು ಎಳೆದೆ. ಪುಟ್ಟಸ್ವಾಮಿಯೂ ಎದ್ದು ನನ್ನ ಪಕ್ಕಕ್ಕೇ ಬಂದು ಎಳೆದ. ತೆಪ್ಪದಲ್ಲಿ ಇಬ್ಬರೂ ಒಂದೇ ಕಡೆ ನಿಲ್ಲಬಾರದು ಎಂಬ ಸಂಗತಿಯನ್ನು ಅವನು ದಡದಿಂದ ಗಮನಿಸಿರಲಿಲ್ಲ.

ನೀರಿನೊಳಗೆ ನನಗೆ ನೆನಪಾದದ್ದು ಒಂದೇ, ನನಗೆ ಈಜು ಬರುವುದಿಲ್ಲ ಎಂಬುದು. ಕೈಕಾಲು ಬಡಿದೆ, ನಂಜುಂಡೇಶ್ವರನನ್ನು ಕೂಗಿದೆ, ಸುಜಾತಳನ್ನೂ ಕೂಗಿದೆನಂತೆ. ದಡದ ಅಜ್ಜ ಬೀಡಿಯನ್ನು ಬಾಯಿಂದ ತೆಗೆದ.

"ನಿಂತ್ಕೊ ಕಣಪ್ಪ" ಎಂದ. "ನಿಂತ್ಕಂಡ್ರೆ ಆಯ್ತು."

ನಿಂತೆ. ನೀರು ಸೊಂಟದವರೆಗಿತ್ತು.

ಆದರೆ ಸೊಂಟದಲ್ಲಿ ಪಂಚೆ ಇರಲಿಲ್ಲ! ಅದು ನರಸೀಪುರದ ಕಡೆಗೆ ಹೊರಟುಹೋಗಿತ್ತು. ದಾರ ಇನ್ನೂ ಕೈಯಲ್ಲಿತ್ತು, ಅದರ ತುದಿಯಲ್ಲಿ ಭಾರವೂ ಇತ್ತು. ಎಳೆದೆ. ಬಂದದ್ದು ಮೀನಲ್ಲ, ಇನ್ನೊಂದು ಪಂಚೆ. ಒಳ್ಳೆಯ ಜರಿ ಅಂಚಿನದು. ಈ ಸೌಲಭ್ಯವನ್ನು ದೇವರೇ ಒದಗಿಸಿದನೆಂದು ಭಾವಿಸಿ ಉಟ್ಟುಕೊಂಡೆ. ಪುಟ್ಟಸ್ವಾಮಿ ಪೇಂಟಿನ ಡಬ್ಬವನ್ನು ಹಿಡಿದು ತಂದ. ಗಾಳದ ಮರಿ ಹೊಳೆಯ ಪಾಲಾಗಿದ್ದರೂ ಡಬ್ಬದ ಮೂರು ಸುಖವಾಗಿದ್ದವು. ಇನ್ನೊಂದು ಸಲ ನೋಡೋಣ ಎಂದರೆ, ಮನೆಯಲ್ಲಿ ಊಟಕ್ಕೆ ಕಾಯುತ್ತಿರುತ್ತಾರೆ ಎಂದು ಅವನು ಹೊರಟೇಬಿಟ್ಟ. ಅವನು ಗುಡ್ಡೆಬಾಡಿಗೆ ಕೊಟ್ಟ ಹೆಸರನ್ನು ತೆಗೆಸಿರಲಿಲ್ಲ.

ಮನೆಯ ಬಾಗಿಲಲ್ಲಿ ಎಲ್ಲರೂ ನಿಂತಿದ್ದರು. ಮಸಾಲೆ ಅರೆದಾಗಿತ್ತು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನನ್ನ ತಲೆಯಿಂದ ಇಳಿಯುತ್ತಿದ್ದ ನೀರನ್ನೂ ಕೈಯಲ್ಲಿದ್ದ ಡಬ್ಬವನ್ನೂ ನೋಡಿದ ಸುಜಾತಳ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಬಾಯಿ ತೆರೆದಳು, ದಿನ ಯಾವುದೆಂದು ನೆನಪಾಗಿ ಮುಚ್ಚಿದಳು. ಅತ್ತೆ ಕಷ್ಟಪಟ್ಟು ನಕ್ಕರು.

"ಓಗ್ಲಿ ಬುಡಿ ಅಳಿಯಂದ್ರೆ, ಉಸಾರಾಗಿ ಬಂದ್ರಲ್ಲ. ಈ ಪಂಚೆ ಎಲ್ಲಿದು?"

ಹೊಳೆಯಲ್ಲಿ ಸಿಕ್ಕಿತು ಎಂದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆಗ ನನಗೂ ಹೊಳೆಯಿತು. ದೇವಸ್ಥಾನಕ್ಕೆ ಬಂದವರು ಸ್ನಾನ ಮಾಡಿ, ಪೀಡೆ ಕಳೆಯಲಿ ಎಂದು ಉಟ್ಟ ಬಟ್ಟೆಯನ್ನು ಕಪಿಲೆಗೆ ಬಿಟ್ಟು ಹೋಗುವ ಊರು ನಮ್ಮದು. ಯಾರೋ ಕಳೆದುಕೊಂಡ ಪೀಡೆಯನ್ನು ನಾನು ಗಾಳ ಹಾಕಿ ಹಿಡಿದು, ಸೊಂಟಕ್ಕೆ ಸುತ್ತಿಕೊಂಡು, ವರ್ಷದ ಮೊದಲ ಹಬ್ಬಕ್ಕೆ ಮನೆಗೆ ತಂದಿದ್ದೆ!

ಬೀದಿಯಲ್ಲೇ ಪಂಚೆ ಬಿಚ್ಚಿಸಿ, ಟವೆಲ್ ಎಸೆದು, ತಲೆಯ ಮೇಲೆ ಮೂರು ಬಿಂದಿಗೆ ನೀರು ಸುರಿದರು. ಎದುರುಮನೆಯವರು ಮೂಳೆ ಚೀಪುತ್ತಲೇ ಜಗಲಿಗೆ ಬಂದು ವಿಚಾರಿಸಿಕೊಂಡರು. ಭಾವ ನನ್ನ ಮೊಪೆಡ್ ತೆಗೆದುಕೊಂಡು ಮಾಂಸದಂಗಡಿಗೆ ಓಡಿದರು, ಬರಿಗೈಯಲ್ಲಿ ಬಂದರು. ಅಲ್ಲಿ ಆಗಲೇ ತಕ್ಕಡಿ ತೊಳೆಯುತ್ತಿದ್ದರಂತೆ.

ಆದರೂ ಬಾಡು ಬಾಯಿಗೆ ಬೀಳಲೇಬೇಕಲ್ಲ! ಅತ್ತೆ ಪೇಂಟಿನ ಡಬ್ಬ ತೆರೆದು ನೋಡಿ ನಿಟ್ಟುಸಿರು ಬಿಟ್ಟರು. ಒಂದು ಕುರಿಗೆ ಸಾಲುವಷ್ಟು ಅರೆದಿದ್ದ ಮಸಾಲೆಯ ನಡುವೆ ನನ್ನ ಕೆಲಸದ ಮೀನುಗಳು ನಿವೃತ್ತವಾದವು. ನಿನ್ನೆಯ ಒಬ್ಬಟ್ಟಿನ ಸಾರಿನ ಪಕ್ಕದಲ್ಲಿ ಒಬ್ಬೊಬ್ಬರಿಗೆ ಉಗುರಿನಷ್ಟು ಮೀನು ಬಿತ್ತು. ಭಾವನಿಗೆ ತಲೆಯೊಂದು ಬಂದಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಬಾಳೆಮೀನು ಬಹಳ ಚೆನ್ನಾಗಿದೆ ಭಾವ ಎಂದರು. ಯಾರೂ ಬೈಯಲಿಲ್ಲ. ಸುಜಾತ ಇನ್ನೊಂದು ಚೂರು ಸಾರು ಹಾಕಲೇ ಎಂದು ಎಷ್ಟು ಮೃದುವಾಗಿ ಕೇಳಿದಳೆಂದರೆ ನನಗೆ ಚಳಿ ಬಂತು.

ಇಡೀ ದಿನ ಹೀಗೇ ಕಳೆಯಿತು. ಏನೂ ಆಗಿಯೇ ಇಲ್ಲವೆಂಬ ಹಾಗೆ ಎಲ್ಲರ ಬಾಯಲ್ಲೂ ಬರೀ ಸಿಹಿ ಮಾತು. ಇಷ್ಟೇನಾ, ಪಾರಾದೆ ಎಂದುಕೊಂಡು ಮಲಗಿದೆ.

ಬೆಳಗ್ಗೆ ಕಣ್ಣು ಬಿಟ್ಟರೆ ಸುಜಾತ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಸಿಗೆಯ ಪಕ್ಕ ನಿಂತಿದ್ದಳು. ಅವಳ ಹಿಂದೆ ಅತ್ತೆ. ಬಾಗಿಲಲ್ಲಿ ಭಾವ, ಕೈಯಲ್ಲಿ ಕಾಫಿ ಲೋಟ.

"ಏಳಿ ಮೇಲೆ" ಎಂದಳು. "ಹೊಸತೊಡಕು ಮುಗೀತು."

ನಾನು ತಟ್ಟನೆ ಕಣ್ಣು ಮುಚ್ಚಿ ಗೊರಕೆ ಹೊಡೆದೆ. ಅದೂ ನನಗೆ ಸರಿಯಾಗಿ ಬರಲಿಲ್ಲ!