ಬಾಪ್ಪುವಿನ ಬೆರಳ ತುದಿಯ ಕರೆಂಟು

ಮಂಗಳೂರಿನ ಹವೆ ನಿಮಗೆ ಗೊತ್ತಲ್ಲ? ಕರಿದ ಹಪ್ಪಳ ತಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪು ನೀರಾಗುತ್ತದೆ. ಇಂಥ ಊರಿನಲ್ಲಿ ಒಣಗಾಳಿಯ ಕರೆಂಟಿಗೆ ಹೆದರಿಕೊಂಡು ಬದುಕುವ ಮನುಷ್ಯ ಒಬ್ಬರೇ ಇರುವುದು, ಅವರು ನಮ್ಮ ಬಾಪ್ಪು!

ಬಾಪ್ಪು ಎಂದರೆ ನನ್ನ ಅಪ್ಪನ ತಮ್ಮ. ಅಪ್ಪ ಅಮ್ಮ ಹೋದ ಮೇಲೆ ನನ್ನನ್ನು ಜೆಪ್ಪು ಬಡಾವಣೆಯ ತಮ್ಮ ಮನೆಯಲ್ಲಿಟ್ಟು ಸಾಕಿದ್ದು ಬಾಪ್ಪು ಮತ್ತು ಅವರ ಹೆಂಡತಿ, ನನ್ನ ಆಂಟಿ. ಬಾಪ್ಪು ಹುಟ್ಟಾ ಹೇಡಿಯೇನಲ್ಲ. ಫ್ಯೂಸ್ ಹೋದರೆ ಲೈನ್‌ಮ್ಯಾನ್‌ಗೆ ಕಾಯದೆ ತಾವೇ ಸ್ಟೂಲು ಹತ್ತಿ ತಂತಿ ಕಟ್ಟುತ್ತಾರೆ. "ಆ ಕರೆಂಟಿಗೆ ಹೆದರದವರು ಈ ಚಿಟಿಕೆ ಕರೆಂಟಿಗೆ ಯಾಕೆ ಹೆದರುವುದು ಬಾಪ್ಪು?" ಎಂದು ಒಮ್ಮೆ ಕೇಳಿದ್ದೆ.

"ಅದಕ್ಕೆ ಮೈನ್ ಸ್ವಿಚ್ ಉಂಟು. ಇದಕ್ಕೆ ಎಲ್ಲಿ ಉಂಟು, ಹೇಳು ನೋಡುವ?"



ಈ ಕರೆಂಟಿನ ಪರಿಚಯ ಅವರಿಗೆ ಆದದ್ದು ಗಲ್ಫಿನಲ್ಲಿ ಕೆಲಸಕ್ಕಿದ್ದಾಗ. ಅಲ್ಲಿ ಚಳಿಗಾಲದಲ್ಲಿ ಗಾಳಿಗೆ ನೀರಿನ ಪಸೆಯೇ ಇರುವುದಿಲ್ಲವಂತೆ. ಕಾರ್ಪೆಟ್ಟಿನ ಮೇಲೆ ರಬ್ಬರ್ ಸೋಲಿನ ಬೂಟು ಉಜ್ಜಿಕೊಂಡು ನಡೆದರೆ ಮೈಯಲ್ಲಿ ಕರೆಂಟು ತುಂಬಿಕೊಳ್ಳುತ್ತದೆ. ಆಮೇಲೆ ಕಾರಿನ ಬಾಗಿಲು ಕಚ್ಚುತ್ತದೆ, ಕಪಾಟಿನ ಹಿಡಿ ಕಚ್ಚುತ್ತದೆ, ಕೈಕುಲುಕಿದರೆ ಮ್ಯಾನೇಜರೂ ಕಚ್ಚುತ್ತಾನೆ! ಆಗೆಲ್ಲ ಬಾಪ್ಪು ಇದನ್ನು ನಗುತ್ತಲೇ ಹೇಳುತ್ತಿದ್ದರು.

ನಗು ನಿಂತದ್ದು ಆಂಟಿಯ ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ ಮೇಲೆ. ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ಡಿಸೆಂಬರಿನಲ್ಲಿ, ನಮ್ಮೂರಿನ ಗಾಳಿಯೂ ಸ್ವಲ್ಪ ಒಣಗುವ ಕಾಲ. ಬಾಪ್ಪು ಪ್ರೀತಿ ಉಕ್ಕಿ ಕೋಣೆಗೆ ಏಸಿ ಹಾಕಿದರು, ಗಲ್ಫಿನಿಂದ ತಂದ ದಪ್ಪ ಕೆಂಪು ಬ್ಲಾಂಕೆಟ್ ಹೊದೆಸಿದರು. ಮಧ್ಯಾಹ್ನ ಮಾತ್ರೆ ಕೊಡಬೇಕೆಂದು ಬ್ಲಾಂಕೆಟ್ಟನ್ನು ಸರ‍್ರನೆ ಎಳೆದು ಆಂಟಿಯ ಕೈ ಹಿಡಿದರು ನೋಡಿ, ಚಟ್!

"ಆಯ್!" ಎಂದರು ಆಂಟಿ. ಅಷ್ಟೇ. ಆದರೆ ಬಾಪ್ಪು ಅಲ್ಲೇ ನೆಲಕ್ಕೆ ಕುಸಿದು ಕೂತು, "ನಿಂತಿತಾ? ನಿಂತಿತಾ?" ಎಂದು ಕೂಗತೊಡಗಿದರು. ಕೊನೆಗೆ ಹಾಸಿಗೆಯಲ್ಲಿದ್ದ ರೋಗಿಯೇ ಎದ್ದು ಬಂದು ಅವರಿಗೆ ನೀರು ಕುಡಿಸಬೇಕಾಯಿತು.

ಡಾಕ್ಟರು ನಕ್ಕುಬಿಟ್ಟರು. ಮನೆಯಲ್ಲಿ ಆಗುವ ಇಂಥ ಸಣ್ಣ ಶಾಕಿನಿಂದ ಆ ಮಷಿನ್ನಿಗೆ ಏನೂ ಆಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದರು. ಬಾಪ್ಪು ತಲೆಯಾಡಿಸಿದರು. ಆಟೋ ಹತ್ತಿದ ಮೇಲೆ ನನ್ನ ಕಿವಿಯಲ್ಲಿ, "ಅವರಿಗೆ ಹೇಳ್ಲಿಕ್ಕೆ ಎಂತ? ಹೆಂಡತಿ ನನ್ನದಲ್ವಾ?" ಎಂದರು. ಅಂದಿನಿಂದ ಅವರು ಆಂಟಿಯನ್ನು ಮುಟ್ಟಲಿಲ್ಲ. ಮಾತ್ರೆಯನ್ನು ತೆಂಗಿನ ಗೆರಟೆಯ ಸೌಟಿನಲ್ಲಿಟ್ಟು ಮಾರು ದೂರದಿಂದ ಚಾಚುತ್ತಿದ್ದರು!

ಮನೆಯಲ್ಲಿ ಹೊಸ ಕಾನೂನು ಬಂತು. ಬ್ಲಾಂಕೆಟ್ ಅಟ್ಟಕ್ಕೆ, ಪ್ಲಾಸ್ಟಿಕ್ ಕುರ್ಚಿ ಅಂಗಳಕ್ಕೆ. ನೈಲಾನ್, ಪಾಲಿಸ್ಟರ್ ಉಟ್ಟವರು ಗೇಟಿನ ಹೊರಗೆ. ಒಳಗೆ ಬಂದವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಕೈಗೆ ತೆಂಗಿನೆಣ್ಣೆ ಸವರಿಕೊಂಡು, ಕಿಟಕಿಯ ಕಬ್ಬಿಣದ ಸರಳನ್ನು ಮೊದಲು ಕೀಲಿಕೈಯಿಂದ ಮುಟ್ಟಿ, ಮೈಯ ಕರೆಂಟನ್ನೆಲ್ಲ ಅಲ್ಲಿಗೆ ಬಿಟ್ಟು ಆಮೇಲೆ ಆಂಟಿಯ ಕೋಣೆಗೆ ಹೋಗಬೇಕು. ಗಾಳಿಗೆ ಪಸೆ ಬರಲೆಂದು ಕೋಣೆಯ ಉದ್ದಕ್ಕೂ ಮೈ ಒರಸುವ ಬೈರಾಸುಗಳು ಒದ್ದೆಯಾಗಿ ನೇತಾಡುತ್ತಿದ್ದವು. ವಿಚಾರಿಸಲು ಬಂದ ಪಾದ್ರಿಯವರಿಗೂ ವಿನಾಯಿತಿ ಇರಲಿಲ್ಲ. ಪಾಪ, ಅವರ ನಿಲುವಂಗಿಯ ಅಂಚನ್ನು ಹಿಡಿದು, "ಫಾದರ್, ಇದು ಕಾಟನ್ನಾ?" ಎಂದು ಕೇಳಿದ್ದಾರೆ!

ನಗಬೇಡಿ. ಭಯ ಅಂಟುರೋಗ. ಒಂದು ಸಂಜೆ ಆಫೀಸಿನಿಂದ ಬಂದು, ಅಲ್ಲಿನ ಏಸಿಗೆಂದು ಹಾಕಿದ್ದ ಸ್ವೆಟರ್ ತೆಗೆಯುವಾಗ ಕಿವಿಯ ಬಳಿ ಚಟಚಟ ಎಂದಿತು. ಅದೇ ಹೊತ್ತಿಗೆ ಆಂಟಿ, "ಬಾ ಇಲ್ಲಿ, ಸ್ವಲ್ಪ ಬೆನ್ನು ತಿಕ್ಕು" ಎಂದು ಕರೆದರು. ಎಂ.ಎಸ್ಸಿ. ಓದಿದ ನಾನು ಹೋಗಲಿಲ್ಲ! ಎರಡೂ ಕೈ ಮೇಲೆತ್ತಿಕೊಂಡು ಬಾಗಿಲಲ್ಲೇ ನಿಂತೆ. ಅಕಸ್ಮಾತ್ ಡಾಕ್ಟರು ಹೇಳಿದ್ದೇ ತಪ್ಪಾಗಿದ್ದರೆ? ಆಂಟಿ ನನ್ನನ್ನು ನೋಡಿದರು, ಗೋಡೆಗೆ ತಿರುಗಿ ಮಲಗಿದರು. ನನಗೆ ನಾಚಿಕೆಯಾಯಿತು, ಆದರೂ ಕಾಲು ಏಳಲಿಲ್ಲ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು, ಅದೂ ಒಣಗಾಳಿಯ ಜನವರಿಗೇ. ಬಟ್ಟೆ ತೆಗೆಯಲು ಬಾಪ್ಪುವನ್ನು ಹಂಪನಕಟ್ಟೆಗೆ ಕರೆದುಕೊಂಡು ಹೋದದ್ದು ನನ್ನ ಬುದ್ಧಿಗೇಡಿತನ. ಏಸಿ ಅಂಗಡಿಯಲ್ಲಿ ಒಂದೊಂದೇ ಸೀರೆಯನ್ನು ಮುಂಗೈಗೆ ಉಜ್ಜಿ ಉಜ್ಜಿ ಬಗ್ಗಿ ನೋಡತೊಡಗಿದರು.

"ಎಂತ ಸರ್, ತುರಿಕೆ ಆಗ್ತದಾ?" ಎಂದ ಅಂಗಡಿಯವನು.

"ಇಲ್ಲ. ರೋಮ ನಿಲ್ತದಾ ನೋಡ್ತೇನೆ."

ನನ್ನ ಬಿಳಿ ನೆಟ್ಟಿನ ಗೌನು ಹೊರಬಂದಾಗಲಂತೂ ನಾಲ್ಕು ಹೆಜ್ಜೆ ಹಿಂದೆ ಸರಿದರು. "ಇದು ಗೌನಲ್ಲ ಮಾರಾಯ್ತಿ, ಪವರ್ ಹೌಸ್! ಇದನ್ನು ಹಾಕಿಕೊಂಡು ನಿನ್ನ ಆಂಟಿಯನ್ನು ಅಪ್ಪಿಕೊಳ್ತೀಯಾ?" ಅಂಗಡಿಯ ತುಂಬ ಜನ ನೋಡುತ್ತಿದ್ದರು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡದ್ದು ಮಾತ್ರ ನನಗೊಬ್ಬಳಿಗೇ ಕಂಡಿತು. ಗೌನು ಅಂಗಡಿಯಲ್ಲೇ ಉಳಿಯಿತು, ನಾನು ಕಾಟನ್ ಸೀರೆಯ ಮದುಮಗಳಾದೆ.

ಮದುವೆಯ ಮುನ್ನಾದಿನ ನಮ್ಮ ಕ್ಯಾಥೊಲಿಕರಲ್ಲಿ ‘ರೋಸ್’ ಎಂಬುದುಂಟು. ಮದುಮಗಳನ್ನು ಕೂರಿಸಿ, ಹಿರಿಯರು ಒಬ್ಬೊಬ್ಬರಾಗಿ ಹಣೆಗೆ ಎಣ್ಣೆಯಲ್ಲಿ ಶಿಲುಬೆ ಎಳೆದು, ತಲೆಗೆ ತೆಂಗಿನ ಹಾಲು ಹುಯ್ದು ಹರಸುವ ಶಾಸ್ತ್ರ. ಮೊದಲು ತಂದೆತಾಯಿ ಹಚ್ಚಬೇಕು, ಜೊತೆಯಾಗಿ ನಿಂತು. ನನಗೆ ತಂದೆತಾಯಿ ಎಂದರೆ ಇವರೇ. ಆಂಟಿ ಬಂದು ನನ್ನ ಬಲಕ್ಕೆ ನಿಂತರು. ಬಾಪ್ಪು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದರು.

"ನೀನು ಹಚ್ಚಿ ಆಕಡೆ ಹೋಗು. ಆಮೇಲೆ ನಾನು ಬರ್ತೇನೆ" ಎಂದರು.

"ಒಟ್ಟಿಗೆ ಹಚ್ಚುವುದು ಕ್ರಮ" ಎಂದರು ಆಂಟಿ.

"ಕೈಗೆ ಕೈ ತಾಗ್ತದೆ."

"ತಾಗಲಿ."

ಬಾಪ್ಪು ಕಂಬ ಬಿಡಲಿಲ್ಲ. ಆಂಟಿ ತೆಂಗಿನ ಹಾಲಿನ ಪಾತ್ರೆಗೆ ಎರಡೂ ಕೈ ಅದ್ದಿ, ಸೀದಾ ಹೋಗಿ, ತೊಟ್ಟಿಕ್ಕುವ ಕೈಗಳಲ್ಲಿ ಗಂಡನ ಎರಡೂ ಕೆನ್ನೆ ಹಿಡಿದುಬಿಟ್ಟರು!

ಬಾಪ್ಪು ಕಣ್ಣು ಗಟ್ಟಿಯಾಗಿ ಮುಚ್ಚಿದ್ದರು.

"ನಿಲ್ಲುವುದಾದರೆ ನಿಲ್ಲಲಿ" ಎಂದರು ಆಂಟಿ, ಮೆಲ್ಲಗೆ. "ಇಷ್ಟು ದಿನ ನನ್ನನ್ನು ಯಾರೂ ಮುಟ್ಟಲಿಲ್ಲ ಮಾರಾಯ್ರೇ. ಬದುಕಿದ್ದೇನಾ ಅಂತ ನನಗೇ ಗೊತ್ತಾಗ್ತಿರಲಿಲ್ಲ."

ಬಾಪ್ಪು ಕಣ್ಣು ಬಿಟ್ಟರು. ಹೆದರುತ್ತ ಹೆದರುತ್ತ ಒಂದು ಬೆರಳನ್ನು ಆಂಟಿಯ ಮಣಿಕಟ್ಟಿನ ಮೇಲಿಟ್ಟರು. ಅಲ್ಲೇ ಇಟ್ಟುಕೊಂಡು ಕಾದರು. "ಓಡ್ತಾ ಉಂಟು" ಎಂದರು, ತಮಗೆ ತಾವೇ. ಆಮೇಲೆ ಉಳಿದ ಬೆರಳುಗಳೂ ಬಂದು ಆ ಕೈಯನ್ನು ಹಿಡಿದುಕೊಂಡವು, ಮತ್ತೆ ಬಿಡಲೇ ಇಲ್ಲ.

ಹಣೆಗೆ ಎಣ್ಣೆಯಿಲ್ಲದೆ, ತಲೆಗೆ ಹಾಲಿಲ್ಲದೆ, ಮದುಮಗಳು ಒಬ್ಬಳು ಮಣೆಯ ಮೇಲೆ ಕೂತಿದ್ದಾಳೆಂದು ಅವರಿಗೆ ನೆನಪಿಸಬೇಕಿತ್ತು. ಯಾರೂ ನೆನಪಿಸಲಿಲ್ಲ. ನಾನೂ ಸುಮ್ಮನೆ ಕೂತೆ, ಅಳುತ್ತ.