ಹಳದಿ ಗದ್ದೆ, ಹಸಿರು ಪಟ್ಟಿ

ನನ್ನಂಥ ಬಲ್ಲವನಿಗೇ ಇಂಥವೆಲ್ಲ ಯಾಕೆ ಗಂಟು ಬೀಳುತ್ತವೋ ಕಾಣೆ. ಬೀಳುವುದನ್ನಂತೂ ಬಿಟ್ಟಿಲ್ಲ.

ನನ್ನ ಕಣ್ಣು

ಕೆ.ಆರ್. ನಗರದ ಕಡೆ ನಾಲೆ ಏರಿ ಮೇಲೆ ನಿಂತು, ನಾಲ್ಕು ಗದ್ದೆ ಆಚೆಯ ಭತ್ತಕ್ಕೆ ಯೂರಿಯಾ ಬೇಕೋ ಬೇಡವೋ ಹೇಳುತ್ತಿದ್ದವನು ನಾನೊಬ್ಬನೇ. ಒಮ್ಮೆ ಕಾಕನಕೋಟೆಯಲ್ಲಿ ಬಸ್ಸಿನ ಕಿಟಕಿಯಿಂದಲೇ, "ಆ ಆನೆಗೆ ಹೊಟ್ಟೆ ತುಂಬಿಲ್ಲ" ಅಂದೆ. ಆನೆ ಇಲ್ಲ ಅನ್ನಲಿಲ್ಲ.

ಆಮೇಲೆ ಮೂರು ವರ್ಷ ಊರಿನ ಗದ್ದೆಯೆಲ್ಲ ಹಳದಿ. "ಆಕ್ರಲಾ ಯೂರಿಯಾ" ಅನ್ನುವುದೇ ನನ್ನ ಕೆಲಸವಾಯಿತು. ಮನೆಗೆ ಬಂದರೆ ನನ್ನ ಬಿಳಿ ಪಂಚೆಯೂ ಹಳದಿ. "ಒಗೆಯಾಕ್ ಬರಾಕಿಲ್ವಾ ನಿಂಗೆ?" ಎಂದು ಹೆಂಡತಿಯನ್ನು ದಿನಾ ಬೈದೆ. ಕೊನೆಗೊಂದು ದಿನ ಬೆಳ್ಳಗಾಯಿತು. ಬೈದರೆ ಬಟ್ಟೆಯೂ ಮಾತು ಕೇಳುತ್ತದೆ.

ಪಂದ್ಯ

ಕೃಷಿ ಇಲಾಖೆಯ ಸಾಹೇಬರೊಬ್ಬರು ಅಂಗೈಯಗಲದ ಪ್ಲಾಸ್ಟಿಕ್ ಪಟ್ಟಿ ತಂದರು. ಅದರಲ್ಲಿ ಸಾಲಾಗಿ ಬಣ್ಣದ ಮನೆಗಳು.

"ಎಲೆ ಕೀಳ್ಬೇಡಿ. ನಿಮ್ಮ ನೆರಳಲ್ಲೇ ಪಟ್ಟಿ ಮೇಲಿಟ್ಟು ನೋಡಿ. ತಿಳಿ ಹಸಿರಿಗೆ ಕೂಡಿದ್ರೆ ಯೂರಿಯಾ ಹಾಕಿ, ಕಡು ಹಸಿರಿಗೆ ಕೂಡಿದ್ರೆ ಬೇಡ."

"ಸೀರೆಗೆ ರವಿಕೆ ಬಟ್ಟೆ ಒಂದ್ಸೋ ಕೆಲ್ಸ ಇದು" ಅಂದೆ. ನನ್ನ ಗದ್ದೆಯಲ್ಲೇ ಪಂದ್ಯ: ಅರ್ಧ ನನ್ನ ಕಣ್ಣಿಗೆ, ಅರ್ಧ ಪಟ್ಟಿಗೆ. ಸೋತರೆ ಯೂರಿಯಾ ವಿಷಯಕ್ಕೆ ನಾನಿನ್ನು ಬಾಯಿ ಹಾಕುವಂತಿಲ್ಲ.

ನಾನು ನಾಲ್ಕು ಸಲ ಎರಚಿದೆ, ಅವರು ಎರಡೇ ಸಲ. ಕುಯ್ಲಿಗೆ ಇನ್ನೂ ತಿಂಗಳಿರುವಾಗಲೇ ನೋಡಿದರೆ ಅವರ ಭತ್ತ ನಿಂತಿತ್ತು, ನನ್ನದು ಯೂರಿಯಾ ಸೊಕ್ಕಿಗೆ ಉದ್ದಕ್ಕೆ ಮಲಗಿತ್ತು. ಆದರೂ ಹೇಳಿದೆ, "ನನ್ನ ಭತ್ತಕ್ಕೆ ವಿನಯ ಜಾಸ್ತಿ ಕಣ್ರಲಾ."

ಪಟ್ಟಿಗೂ ಗೊಬ್ಬರ

ಮಲಗಿದ ಭತ್ತದ ಎಲೆ ಹಿಡಿದು ಸಾಹೇಬರು ಕೇಳಿದರು, "ಯಜಮಾನ್ರೇ, ಇದು ಯಾವ ಬಣ್ಣ?"

"ಹಳದಿ."

ಅವರು ಬೆಚ್ಚಿ ನನ್ನ ಮುಖ ನೋಡಿದರು. ಪಟ್ಟಿ ಮುಂದಿಟ್ಟರು. "ಇದರಲ್ಲಿ ಹಸಿರು ಯಾವುದು?"

"ಒಂದೂ ಇಲ್ಲ ಸಾಮಿ. ನಿಮ್ ಪಟ್ಟೀಗೂ ಯೂರಿಯಾ ಸಾಲ್ದು."

ಮಾರನೆಯ ದಿನವೇ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕಳಿಸಿದರು. ಎರಡೂ ಕಣ್ಣಿಗೆ ಹಳದಿ ಪೊರೆ, ತೆಗೆಯಬೇಕು ಅಂದರು.

ಪಂಚೆ

ಎರಡನೇ ಕಣ್ಣಿನ ಕಟ್ಟೂ ಬಿಚ್ಚಿಸಿಕೊಂಡು ಬಂದಾಗ ಊರ ತುಂಬ ಹೊಸ ಪೈರು, ಕಣ್ಣು ಕುಕ್ಕುವ ಹಸಿರು. ಇಷ್ಟು ಹಸಿರಿಗಾ ನಾನು ಅಷ್ಟು ಯೂರಿಯಾ ಎರಚಿಸಿದ್ದು?

ಮನೆಗೆ ಬಂದರೆ ಹಗ್ಗದ ಮೇಲೆ ನವಿಲು ಕತ್ತಿನಂಥ ನೀಲಿ ಬಟ್ಟೆ.

"ಇದ್ಯಾರ್ ಪಂಚೆಯೇ?"

"ನಿಮ್ದೇ ಕಣ್ರೀ. ಹಳದಿ ಅಂತ ಬೈತಿದ್ರಲ್ಲ, ಬೈಗುಳ ನಿಲ್ಲೋಗಂಟ ನೀಲಿ ಆಕ್ದೆ."

"ಇದನ್ನುಟ್ಕಂಡು ಊರೆಲ್ಲಾ ತಿರುಗಿದ್ನಾ? ಒಬ್ರೂ ಏಳ್ನಿಲ್ವಲ್ಲೇ!"

"ಯಾಕ್ ಏಳ್ತಾರೆ? ಏರಿ ಮೇಲೆ ನೀಲಿ ಕಂಡ್ರೆ ನೀವು ಬಂದ್ರಿ ಅಂತ ಗೊತ್ತಾಯ್ತಿತ್ತು. ಯೂರಿಯಾ ಚೀಲಾನ ಉಲ್ಲಿನಡೀಗೆ ತಳ್ಳಿ, ಆಗ್ಲೇ ಆಕಾಯ್ತು ಅಂತಿದ್ರು."