ಅವ್ವ ಅಯ್ಯನವ್ರು, ಅಪ್ಪ ಅಮ್ಮನವ್ರು

ನಮ್ಮವ್ವ ಪಾಸ್ಟರ್ ಆಗಿ ಬೈಲಹೊಂಗಲಕ್ಕ ಬಂದಾಗಿಂದ ನಮ್ಮ ಮನ್ಯಾಗ ನಗೂವಂಥಾದ್ದು ಏನರ ಒಂದು ನಡದ ಇರತೈತಿ. ನಾ ಮಂದ್ಯಾಗ ಮಾತಾಡಾಕಿ ಅಲ್ಲ, ಪುಸ್ತಕ ಹಿಡದು ಮೂಲ್ಯಾಗ ಕುಂದ್ರಾಕಿ. ಹಂಗಾಗಿ ಎಲ್ಲಾ ನನ್ನ ಕಣ್ಣ ಮುಂದನ ನಡೀತೈತಿ, ನಾ ಇದ್ದದ್ದ ಯಾರಿಗೂ ನೆನಪಿರಾಂಗಿಲ್ಲ.

ಈ ಚರ್ಚಿಗೆ ಹೆಣ್ಣಮಗಳು ಪಾಸ್ಟರ್ ಆಗಿ ಬಂದದ್ದು ಇದ ಮೊದಲು. "ಈಸ್ಟರ್ ತನಕಾ ನೋಡ್ರಿ. ಆಮ್ಯಾಲೆ ಇಟಗೋಬೇಕೋ ಬ್ಯಾಡೋ ನೀವ ಹೇಳ್ರಿ" ಅಂತ ಧಾರವಾಡದ ದೊಡ್ಡ ಪಾಸ್ಟರ್ ಚರ್ಚಿನ ಹಿರ್ಯಾರಿಗೆ ಹೇಳಿ ಕಳಿಸಿದ್ರು. ಬ್ಯಾಡ ಅಂದ್ರ ನಾವು ಮತ್ತ ಗಂಟು ಕಟ್ಟಬೇಕು. ನನಗಂತೂ ಇಲ್ಲಿ ಲೈಬ್ರರಿ ಬಿಟ್ಟು ಹೋಗೂ ಮನಸಿಲ್ಲ.

ಹಾರ

ಸಾಮಾನಿನ ಟೆಂಪೋದಿಂದ ಮೊದಲ ಅಪ್ಪ ಇಳದ. ಚರ್ಚಿನ ದೊಡ್ಡ ಹಿರ್ಯಾರು ರಿಟೈರ್ ಆದ ಮಾಸ್ತರು. ಹೆಣ್ಣಮಗಳು ಬರತಾಳ ಅನ್ನೂ ಸುದ್ದಿ ಅವ್ರು ನಂಬಿದ್ದಿಲ್ಲ. ಸೀದಾ ಅಪ್ಪನ ಕೊಳ್ಳಾಗ ಹಾರ ಹಾಕಿದ್ರು. ಅಪ್ಪ ಬಸ್ ಕಂಡಕ್ಟರ್.

"ನಾ ಅಲ್ರಿ ಸರ," ಅಂದ ಅಪ್ಪ.

"ನೋಡ್ರಿ, ಪಾಸ್ಟರ್ ಅಂದ್ರ ಹಿಂಗಿರಬೇಕು, ಎಷ್ಟು ನಮ್ರ ಅದಾರ," ಅಂತ ಮಾಸ್ತರು ಮಂದಿಗೆ ತೋರಿಸಿದ್ರು. "ಒಂದ ಪ್ರಾರ್ಥನಾ ಮಾಡ್ರಿ ಅಯ್ಯನವ್ರ."

ಅಪ್ಪಗ ಬಾಯಿಪಾಠ ಬರೂದು ಊಟದ ಪ್ರಾರ್ಥನಾ ಒಂದ. ಕಣ್ಣ ಮುಚ್ಚಿ ಅದನ್ನ ಹೇಳಿದ. ಆಮೆನ್ ಅಂದು ಕಣ್ಣ ತಗದ್ರ ಮಂದಿ ಎಲ್ಲಾ ಊಟಕ್ಕ ಸಾಲಾಗಿ ಕುಂತಿದ್ರು.

ಒಲಿ ಇನ್ನೂ ಟೆಂಪೋದಾಗ ಇತ್ತು.

ಕಿಡಕಿ

ಖರೇ ಪಾಸ್ಟರ್ ಯಾರು ಅಂತ ತಿಳದ ಮ್ಯಾಲೆ ಮಾಸ್ತರಿಗೆ ಸಿಟ್ಟು ಬಂತು. "ಸಭಾದಾಗ ಹೆಣ್ಣಮಕ್ಕಳು ಸುಮ್ಮನಿರಬೇಕು. ಸತ್ಯವೇದದಾಗ ಐತಿ," ಅಂದ್ರು.

ಅವ್ವ ಕೇಳಿದ್ಲು, "ಯೇಸು ಎದ್ದು ಬಂದಾನ ಅಂತ ಮೊದಲ ಓಡಿ ಬಂದು ಹೇಳಿದಾವ್ರು ಯಾರ್ರಿ ಸರ? ಹೆಣ್ಣಮಕ್ಕಳ ಅಲ್ಲೇನ್ರಿ?"

"ಅದು ಸುದ್ದಿ. ಉಪದೇಶ ಅಲ್ಲ."

ಮುಂದಿನ ಐತವಾರದಿಂದ ಮಾಸ್ತರು ಒಳಗ ಬರೂದ ಬಿಟ್ರು. ಎಲ್ಲಾರಿಗೂ ಕಾಣೂ ಹಂಗ ಹೊರಗ ಕಿಡಕಿ ಕಡೆ ಕುರ್ಚಿ ಹಾಕ್ಕೊಂಡು, ಬೆನ್ನ ತಿರುಗಿಸಿ ಕುಂತ್ರು. ಅವ್ವ ಉಪದೇಶ ಚಾಲೂ ಮಾಡಿದ್ಲು. ಅರ್ಧಕ್ಕ ಬಂದಾಗ ಕಿಡಕ್ಯಾಗ ಮಾಸ್ತರ ಮುಖ ಬಂತು.

"ಅಕ್ಕಾರ, ಸ್ವಲ್ಪ ಜೋರ ಹೇಳ್ರಿ. ಹೊರಗ ಕೇಳಸವಲ್ದು."

ಅಮ್ಮನವ್ರು

ನಮ್ಮಲ್ಲೆ ಪಾಸ್ಟರಿಗೆ ಅಯ್ಯನವ್ರು, ಅವ್ರ ಹೆಂಡತಿಗೆ ಅಮ್ಮನವ್ರು ಅಂತಾರ. ಹೆಣ್ಣಮಕ್ಕಳ ಸಂಘಕ್ಕ ಅಮ್ಮನವ್ರ ಅಧ್ಯಕ್ಷರಾಗೂ ರೂಢಿ.

"ರೂಢಿ ಮುರ್ಯಾಕ ಬರಾಂಗಿಲ್ಲ. ಈಗ ಅಮ್ಮನವ್ರು ಯಾರು?" ಅಂದ್ರು ಮಾಸ್ತರು ಸಂಘದ ಮೀಟಿಂಗಿನ್ಯಾಗ, ಮೀಸ್ಯಾಗ ನಕ್ಕೋತ.

ಕಾಯಿಪಲ್ಲೆ ಮಾರೂ ಆಯಿ ಒಬ್ಬಾಕಿ ಹಿಂದಿಂದ ಅಂದ್ಲು, "ಪಾಸ್ಟರ ಜೋಡಿ ಯಾರು ಸಂಸಾರ ಮಾಡ್ತಾರೋ ಅವ್ರ."

ರಾಮದುರ್ಗ ಗಾಡಿ ಮುಗಿಸಿ ಖಾಕಿ ಮ್ಯಾಲೆ ಬಂದ ಅಪ್ಪನ್ನ ಹಿಡದು ಕುರ್ಚಿಗೆ ಕುಂದ್ರಿಸಿದ್ರು. ಅಪ್ಪಗ ಏನ ಮಾಡಬೇಕು ಗೊತ್ತಾಗಲಿಲ್ಲ. ಮುಂದಿಂದ ಹಿಂದಿನ ತನಕಾ ಅಡ್ಡ್ಯಾಡಿ, "ಯಾರ್ದರ ಮಾತು ಉಳದೈತೇನ್ರಿ? ಉಳದ್ರ ಈಗ ಹೇಳ್ರಿ, ಆಮ್ಯಾಲೆ ಕೇಳಬ್ಯಾಡ್ರಿ," ಅಂದ. ಯಾರ್ದೂ ಉಳದಿರಲಿಲ್ಲ. ಮೀಟಿಂಗ್ ಮುಗೀತು ಅಂತ ಹೇಳೂ ಬದ್ಲಿ ಕಿಸೆದಾಗಿನ ಶಿಳ್ಳಿ ತಗದು ಊದಿಬಿಟ್ಟ.

ಹೆಣ್ಣಮಕ್ಕಳು ಎಲ್ಲಾರೂ ಚೀಲಾ ಹಿಡಕೊಂಡು, ಒಬ್ಬರನ್ನೊಬ್ಬರು ನೂಕಿ, ಬಾಗಲಕ್ಕ ಓಡಿದ್ರು.

ಹಿತ್ತಲ ಬಾಗಲಾ

ಈಸ್ಟರ್ ಆತು. ಬ್ಯಾಡ ಅನ್ನಾವ್ರು ಮೂರ ಮಂದಿ ಹಿರ್ಯಾರು: ಮಾಸ್ತರು, ಒಬ್ಬ ಟೇಲರ್, ಒಬ್ಬ ಕಿರಾಣಿ ಅಂಗಡಿಯಾಂವ. ಅವ್ವನ್ನ ಇಟಗೋಬೇಕೋ ಬ್ಯಾಡೋ ಅಂತ ಸಂಜಿಕೆ ಚರ್ಚಿನ್ಯಾಗ ಸಭಾ ಇತ್ತು. ಅವ್ವ ಪಾತ್ರೆ ಕಟ್ಟಿಡಾಕ ಹತ್ತಿದ್ಲು.

ಸಭಾಕ್ಕ ಇನ್ನೂ ಸ್ವಲ್ಪ ಹೊತ್ತಿರೂವಾಗ ಹಿತ್ತಲ ಬಾಗಲಾ ಬಡದ್ರು. ಟೇಲರ್.

"ಮಗಳನ್ನ ನೋಡಾಕ ಮುನವಳ್ಳಿ ಮಂದಿ ಬರ್ತಾರ್ರಿ ಅಕ್ಕಾರ. ಒಂದ ಪ್ರಾರ್ಥನಾ ಮಾಡ್ರಿ. ಹೊರಗ ಗೊತ್ತಾಗೂದ ಬ್ಯಾಡ."

"ಪಾಸ್ಟರ್ ಮುಂದ ಹೇಳಿದ್ದು ಹೊರಗ ಹೋಗಾಂಗಿಲ್ಲ," ಅಂದ್ಲು ಅವ್ವ.

ಪ್ರಾರ್ಥನಾ ಮುಗಿಯೂದ್ರಾಗ ಮತ್ತ ಬಾಗಲಾ ಬಡದ್ರು. ಟೇಲರ್ ಪಟ್ಟನ ಒಳಗಿನ ಖೋಲಿ ಸೇರಿದ್ರು. ಬಂದಾವ್ರು ಕಿರಾಣಿ ಅಂಗಡಿಯಾವ್ರು. ಅವ್ರ ಎಮ್ಮಿ ಹಾಲ ಬಿಡವಲ್ದಂತ. ಅವ್ರು ಕಣ್ಣ ಮುಚ್ಚಿ ಕುಂತಾಗ ಹೊರಗ ಮಾಸ್ತರ ಕೆಮ್ಮು ಕೇಳಿಸ್ತು. ಅವ್ರೂ ಅದ ಖೋಲಿಗೆ ಓಡಿದ್ರು.

ಮಾಸ್ತರು ಮೊಮ್ಮಗನ ರಿಸಲ್ಟಿನ ಸಲುವಾಗಿ ಬಂದಿದ್ರು. "ಪ್ರಾರ್ಥನಾ ಬ್ಯಾರೆ, ಪಾಸ್ಟರ್ಕಿ ಬ್ಯಾರೆ. ತಪ್ಪ ತಿಳ್ಕೋಬ್ಯಾಡ್ರಿ," ಅಂದ್ರು. ಅಷ್ಟ್ರಾಗ ಮುಂದಿನ ಬಾಗಲದಾಗ ದೊಡ್ಡ ಪಾಸ್ಟರ್ ಬಂದು ನಿಂತ್ರು. ಮಾಸ್ತರೂ ಒಳಗ.

ಖೋಲ್ಯಾಗಿಂದ ಸಣ್ಣಗ ಕೇಳಿಸ್ತು: "ನೀ ಯಾಕೋ ಇಲ್ಲೆ?" "ನೀವ್ಯಾಕ್ರಿ ಸರ?"

ದೊಡ್ಡ ಪಾಸ್ಟರ್ ಕುಂತು ಅಂದ್ರು, "ಸಭಾಕ್ಕ ಹೊತ್ತಾತು. ಬ್ಯಾಡ ಅನ್ನಾವ್ರು ಚರ್ಚಿನ್ಯಾಗ ಒಬ್ಬರೂ ಕಾಣವಲ್ರು. ಎಲ್ಲಿಗೆ ಹೋಗ್ಯಾರ?"

ಅವ್ವ ಮಾತ ಕೊಟ್ಟಾಳ, ಹೇಳಾಕ ಬರಾಂಗಿಲ್ಲ. ನನಗ ದೊಡ್ಡವ್ರ ಮುಂದ ಮಾತ ಹೊಂಡಾಂಗಿಲ್ಲ. ಚಾ ಮಾಡಿಕೊಂಡು ಬಂದೆ. ಅವ್ರಿಗೊಂದು, ಅವ್ವಗೊಂದು ಕೊಟ್ಟು, ಉಳದ ಮೂರು ಕಪ್ಪು ಹಿಡಕೊಂಡು ಹೋಗಿ ಖೋಲಿ ಬಾಗಲಾ ತಗದೆ.

ಮೂರೂ ಮಂದಿ ಜ್ವಾಳದ ಚೀಲದ ಮ್ಯಾಲೆ ಒತ್ತಿಕೊಂಡು ಕುಂತಿದ್ರು. ದೊಡ್ಡ ಪಾಸ್ಟರ್ ನೋಡಿದ್ರು. ಮಾಸ್ತರು ಎದ್ದು, ಧೋತರ ಝಾಡಿಸಿ, ಚಾದ ಕಪ್ಪು ತಗೊಂಡ್ರು. ಗಂಟಲಾ ಸರಿ ಮಾಡಿಕೊಂಡು ಗಂಭೀರಾಗಿ ಹೇಳಿದ್ರು:

"ಅಕ್ಕಾರು ಹೆಂಗೂ ಇಲ್ಲೆ ಇರಾವ್ರು. ಈ ಮನಿಗೆ ಇನ್ನೊಂದ ಖೋಲಿ ಕಟ್ಟಿಸಬೇಕ್ರಿ. ಹಿರ್ಯಾರಿಗೆ ಕುಂದ್ರಾಕ ಜಾಗಾ ಸಾಲವಲ್ದು."